ಬ್ಲ್ಯಾಕ್ ರಾಕ್‌ಗೆ ಹೊರಟ ಸೈಕಲ್ಲು: ಟಯರಿನಿಂದ ಚೈನಿನವರೆಗೆ

ಬರ್ನಿಂಗ್ ಮ್ಯಾನ್ ಉತ್ಸವಕ್ಕೆ ಹೊರಡುವವರು ನೀರಿನ ಕ್ಯಾನು, ಟೆಂಟು, ಧೂಳಿಗೆ ಕನ್ನಡಕ ಅಂತ ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಾರೆ. ಸೈಕಲ್ಲನ್ನು ಮಾತ್ರ ಹೊರಡುವ ಹಿಂದಿನ ದಿನ ಗ್ಯಾರೇಜಿನಿಂದ ಈಚೆಗೆ ತೆಗೆದು, ಟಯರನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ನಾಲ್ಕು ಸಲ ಪಂಪು ಹೊಡೆದು ಕಾರಿನ ಹಿಂದೆ ಕಟ್ಟುತ್ತಾರೆ. ಅಂಥ ಸೈಕಲ್ಲುಗಳ ಗತಿ ಏನಾಗುತ್ತದೆ ಎಂಬುದು ಉತ್ಸವ ಮುಗಿದ ಮೇಲೆ ಬಯಲಿನಲ್ಲಿ ಕಾಣುತ್ತದೆ. 2017ರಲ್ಲಿ ಜನ ಸಾವಿರಾರು ಸೈಕಲ್ಲುಗಳನ್ನು ಅಲ್ಲೇ ಬಿಟ್ಟು ಊರಿಗೆ ಮರಳಿದ್ದರು. ಒಂದು ತೂತಿನ ಟ್ಯೂಬಿಗೆ, ಧೂಳು ಕಚ್ಚಿದ ಚೈನಿಗೆ ಹೆದರಿ ಇಡೀ ಸೈಕಲ್ಲನ್ನೇ ತೊರೆಯುವುದು ನನಗೆ ಸಂಕಟದ ಸಂಗತಿ. ಮನೆಯಲ್ಲಿ ಒಂದು ಭಾನುವಾರ ಕೂತು ಮಾಡುವ ಕೆಲಸದಿಂದ ಇದನ್ನು ತಪ್ಪಿಸಬಹುದು. ಮರುಭೂಮಿಯಲ್ಲಿ ಸೈಕಲ್ ರಿಪೇರಿಯ ಮುಕ್ಕಾಲು ಪಾಲು ಮರುಭೂಮಿ ತಲುಪುವ ಮೊದಲೇ ಮುಗಿದಿರಬೇಕು.

ಉತ್ಸವ ನಡೆಯುವುದು ಅಮೆರಿಕದ ನೆವಾಡಾ ರಾಜ್ಯದ ವಾಯವ್ಯ ಮೂಲೆಯ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ. 1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೇಕರ್ ಬೀಚಿನಲ್ಲಿ ಲ್ಯಾರಿ ಹಾರ್ವಿ ಮತ್ತು ಜೆರ್ರಿ ಜೇಮ್ಸ್ ಮರದ ಮನುಷ್ಯಾಕೃತಿಯೊಂದನ್ನು ಸುಟ್ಟದ್ದು ಇದರ ಆರಂಭ. 1990ರಲ್ಲಿ ಅದು ಮರುಭೂಮಿಗೆ ಬಂತು. ಈಗ ಪ್ರತಿ ಆಗಸ್ಟ್ ಕೊನೆಗೆ ಅಲ್ಲಿ ಸುಮಾರು 70 ಸಾವಿರ ಜನರ ಊರೊಂದು ಎದ್ದು, ಸೆಪ್ಟೆಂಬರ್ ಮೊದಲ ಸೋಮವಾರದ ಹೊತ್ತಿಗೆ ಖಾಲಿಯಾಗತೊಡಗುತ್ತದೆ. ಕಾರನ್ನು ಬಿಡಾರದ ಪಕ್ಕ ಒಮ್ಮೆ ನಿಲ್ಲಿಸಿದರೆ ಹೊರಡುವ ದಿನದವರೆಗೆ ಅದನ್ನು ತೆಗೆಯುವಂತಿಲ್ಲ. ಓಡಾಡಲು ಅನುಮತಿ ಇರುವುದು ನೋಂದಾಯಿಸಿದ ಕಲಾವಾಹನಗಳಿಗೆ, ಅವಕ್ಕೂ ಗಂಟೆಗೆ 5 ಮೈಲಿಯ ಮಿತಿ. ಗಡಿಯಾರದ 2 ಗಂಟೆಯಿಂದ 10 ಗಂಟೆಯವರೆಗೆ ಹೆಸರಿಟ್ಟ ಬೀದಿಗಳ ಆ ಊರನ್ನು ಒಂದು ತುದಿಯಿಂದ ಇನ್ನೊಂದಕ್ಕೆ ದಾಟಲು ಮೂರು ಕಿಲೋಮೀಟರ್‌ನಷ್ಟಾಗುತ್ತದೆ. ನಡುವಿನ ತೆರೆದ ಬಯಲಿನಲ್ಲಿ ಕಲಾಕೃತಿಗಳು ಹರಡಿರುತ್ತವೆ. ಮಧ್ಯಾಹ್ನದ ಬಿಸಿಲಿನಲ್ಲಿ ಇದನ್ನೆಲ್ಲ ನಡೆದೇ ನೋಡುತ್ತೇನೆ ಎಂದು ಹೊರಟವರು ಅರ್ಧ ನೋಡಿ ಸುಸ್ತಾಗುತ್ತಾರೆ.

ಇನ್ನೊಂದು ಮಾತು ಮೊದಲೇ ಗೊತ್ತಿರಲಿ. ಅಲ್ಲಿ ಐಸ್ ಬಿಟ್ಟರೆ ಹೆಚ್ಚುಕಡಿಮೆ ಯಾವುದೂ ಹಣಕ್ಕೆ ಸಿಗುವುದಿಲ್ಲ. ಸೈಕಲ್ ರಿಪೇರಿಯನ್ನೇ ಸೇವೆಯಾಗಿ ಮಾಡುವ ಬಿಡಾರಗಳಿವೆ, ಕೈಯೆಲ್ಲ ಮಸಿ ಮಾಡಿಕೊಂಡು ದಿನವಿಡೀ ದುಡಿಯುವ ಪುಣ್ಯಾತ್ಮರಿದ್ದಾರೆ. ಆದರೆ ಅವರ ಮುಂದೆ ಸಾಲು ಉದ್ದ, ನಿಮ್ಮ ಅಳತೆಯ ಟ್ಯೂಬು ಅವರಲ್ಲಿ ಇರಬೇಕೆಂದೇನೂ ಇಲ್ಲ. ಸಾಮಾನು ನೀವು ತಂದು ಕೆಲಸದಲ್ಲಿ ಅವರ ನೆರವು ಕೇಳುವುದು ಮರ್ಯಾದೆಯ ದಾರಿ. ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೊಸೆ ಕಡೆ ನೆಲೆಸಿರುವ ಕನ್ನಡಿಗರಿಗೆ ಇದು ಕಾರಿನಲ್ಲಿ ಒಂದು ದಿನದ ದಾರಿ. ಮನೆಯ ಸೈಕಲ್ಲನ್ನೇ ಒಯ್ಯಬಹುದು, ಅಂದರೆ ಸಿದ್ಧತೆಗೆ ಬೇಕಾದ ಸಮಯವೂ ಅವರ ಕೈಯಲ್ಲೇ ಇದೆ.

ನೆಲ ಎಂಥದು

ಬ್ಲ್ಯಾಕ್ ರಾಕ್ ಬಯಲು ಹಿಮಯುಗದ ಲಾಹೊಂಟನ್ ಎಂಬ ಮಹಾಸರೋವರದ ಒಣಗಿದ ತಳ. ಅಲ್ಲಿಯವರು ಇದನ್ನು ಪ್ಲಾಯಾ ಎನ್ನುತ್ತಾರೆ. ಹುಲ್ಲುಕಡ್ಡಿಯೂ ಇಲ್ಲದ, ಸಮುದ್ರಮಟ್ಟದಿಂದ ಸುಮಾರು 1,190 ಮೀಟರ್ ಎತ್ತರದ ಈ ನೆಲ ಎಷ್ಟು ಸಮತಟ್ಟೆಂದರೆ, 1997ರ ಅಕ್ಟೋಬರ್ 15ರಂದು ಥ್ರಸ್ಟ್ ಎಸ್‌ಎಸ್‌ಸಿ ಎಂಬ ಜೆಟ್ ಕಾರು ಗಂಟೆಗೆ 1,228 ಕಿಲೋಮೀಟರ್ ವೇಗದಲ್ಲಿ ಓಡಿ ನೆಲದ ಮೇಲಿನ ವಾಹನಗಳ ವಿಶ್ವದಾಖಲೆ ಬರೆದದ್ದು ಇದೇ ಮರುಭೂಮಿಯಲ್ಲಿ. ಹೀಗೆಂದ ಮೇಲೆ ಸೈಕಲ್ಲಿಗೇನು ಕಷ್ಟ ಅನ್ನಿಸುವುದು ಸಹಜ.

ಕಷ್ಟ ಇರುವುದು ಮೇಲಿನ ಪದರದಲ್ಲಿ. ಒಣಗಿದ ಜೇಡಿಯ ತೆಳು ಹೆಪ್ಪು ಮೊದಲೆರಡು ದಿನ ಗಟ್ಟಿಯಾಗಿರುತ್ತದೆ. ಸಾವಿರಾರು ಚಕ್ರ, ಸಾವಿರಾರು ಕಾಲು ಓಡಾಡಿದ ಮೇಲೆ ಅದು ಒಡೆದು ಟಾಲ್ಕಂ ಪೌಡರಿನಷ್ಟು ನಯವಾದ ಹುಡಿಯಾಗುತ್ತದೆ. ಗಾಳಿ ಆ ಹುಡಿಯನ್ನು ಅಲ್ಲಲ್ಲಿ ಗುಡ್ಡೆ ಹಾಕುತ್ತದೆ. ಗುಡ್ಡೆಯೂ ನೆಲವೂ ಒಂದೇ ಬಿಳಿಬಣ್ಣವಾದ್ದರಿಂದ ಮುಂದಿನ ಚಕ್ರ ಹೂತುಕೊಂಡ ಮೇಲೆಯೇ ಗೊತ್ತಾಗುವುದು. ವಾರದ ಕೊನೆಗೆ ಜನ ಬೀಳುವುದು ಹೆಚ್ಚಾಗಿ ಇಂಥ ಕಡೆ. ಇದರ ಜೊತೆಗೆ ಈ ಹುಡಿ ಕ್ಷಾರೀಯ. ಚರ್ಮವನ್ನು ಬಿರುಕು ಬಿಡಿಸುವ ಹಾಗೆಯೇ ಅಲ್ಯೂಮಿನಿಯಂ ಭಾಗಗಳ ಮೇಲೆ ಬಿಳಿ ಕಲೆ ಕಟ್ಟಿಸುತ್ತದೆ, ತೇವ ತಾಗಿದರೆ ಉಕ್ಕಿನ ತುಕ್ಕನ್ನು ಎಬ್ಬಿಸುತ್ತದೆ. ಸೈಕಲ್ಲಿನಲ್ಲಿ ಏನು ಬದಲಿಸಬೇಕು, ಏನನ್ನು ಬಿಡಬಹುದು ಎಂಬ ಎಲ್ಲ ತೀರ್ಮಾನಗಳೂ ಈ ಎರಡು ಗುಣಗಳಿಂದಲೇ ಹುಟ್ಟುತ್ತವೆ.

ಯಾವ ಸೈಕಲ್ಲು ಎಂದು ಕೇಳಿದರೆ ನನ್ನ ಉತ್ತರ ಒಂದೇ: ಗೇರಿಲ್ಲದ, ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು ಹಿಡಿಯುವ, ದಪ್ಪ ಟಯರಿನ ಹಳೆಯ ಸೈಕಲ್ಲು. ಅಮೆರಿಕದಲ್ಲಿ ಇದಕ್ಕೆ ಬೀಚ್ ಕ್ರೂಸರ್ ಎನ್ನುತ್ತಾರೆ. ಇದರ ಬ್ರೇಕು ಹಿಂದಿನ ಚಕ್ರದ ಹಬ್‌ನ ಒಳಗೇ ಇರುತ್ತದೆ. ಧೂಳು ತುಂಬಿಕೊಳ್ಳಲು ಕೇಬಲ್ಲಿಲ್ಲ, ಹಲ್ಲುಚಕ್ರಗಳ ಸಾಲಿಲ್ಲ, ಚೈನನ್ನು ಅತ್ತಿತ್ತ ಸರಿಸುವ ಸ್ಪ್ರಿಂಗಿಲ್ಲ. ಬಯಲು ಸಪಾಟಾಗಿರುವುದರಿಂದ ಗೇರಿನ ಕೊರತೆಯೂ ಕಾಣುವುದಿಲ್ಲ. ಹಳೆಯ ಮೌಂಟನ್ ಬೈಕ್ ಇದ್ದರೆ ಅದೂ ಸರಿಯೇ, ಅದನ್ನು ನಡುವಿನ ಒಂದು ಗೇರಿಗೆ ಹಾಕಿ ವಾರವಿಡೀ ಹಾಗೆಯೇ ಬಿಡಿ. ದುಬಾರಿ ರೋಡ್ ಬೈಕನ್ನು ಮನೆಯಲ್ಲೇ ಇಡಿ. ಅದರ ತೆಳು ಟಯರು ಇಲ್ಲಿ ನಿಲ್ಲುವುದಿಲ್ಲ, ಅದರ ಬೇರಿಂಗುಗಳಿಗೆ ಈ ಧೂಳು ತಿನ್ನಿಸುವುದೂ ನ್ಯಾಯವಲ್ಲ.

ದೊಡ್ಡ ಅಂಗಡಿಯಲ್ಲಿ ಅಗ್ಗದ ಹೊಸ ಸೈಕಲ್ ಕೊಂಡರೆ ಹೊಸದೆಂದು ನಂಬಿ ಹತ್ತಬೇಡಿ. ಅವಸರದಲ್ಲಿ ಜೋಡಿಸಿದ ಸೈಕಲ್ಲಿನಲ್ಲಿ ಹ್ಯಾಂಡಲ್ ಸಡಿಲ, ಆಕ್ಸಲ್ ನಟ್ಟು ಸಡಿಲ, ಹಬ್‌ನಲ್ಲಿ ಗ್ರೀಸು ಕಡಿಮೆ ಇರುವುದು ಸಾಮಾನ್ಯ. ಪೆಡಲುಗಳನ್ನು ಮತ್ತೊಮ್ಮೆ ಬಿಗಿಮಾಡಿ. ಎಡ ಪೆಡಲಿನ ಮರೆ ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಇದು ಗೊತ್ತಿಲ್ಲದೆ ಬಲ ಹಾಕಿ ಕ್ರ್ಯಾಂಕಿನ ಮರೆಯನ್ನೇ ಕೆಡಿಸಿದರೆ ಆ ಸೈಕಲ್ಲಿಗೆ ಬಯಲಿನಲ್ಲಿ ಔಷಧಿಯಿಲ್ಲ. ಆಮೇಲೆ ನಿಮ್ಮ ಬೀದಿಯಲ್ಲೇ ಹತ್ತಾರು ಕಿಲೋಮೀಟರ್ ಓಡಿಸಿ ನೋಡಿ. ಸಡಿಲವಾಗುವುದೆಲ್ಲ ಮನೆಯ ಹತ್ತಿರವೇ ಸಡಿಲವಾಗಲಿ.

ಟಯರು

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. ಮೊದಲು ಟಯರಿನ ಪಕ್ಕದ ಗೋಡೆಯನ್ನು ಬೆಳಕಿನಲ್ಲಿ ಹಿಡಿದು ನೋಡಿ. ವರ್ಷಗಟ್ಟಲೆ ಗ್ಯಾರೇಜಿನಲ್ಲಿ ನಿಂತ ಟಯರಿನಲ್ಲಿ ಸಣ್ಣ ಸಣ್ಣ ಬಿರುಕುಗಳು ಜಾಲದಂತೆ ಬಿದ್ದಿರುತ್ತವೆ. ಒಳಗಿನ ನೂಲು ಕಾಣುತ್ತಿದ್ದರೆ, ಬಿರುಕಿನಲ್ಲಿ ಉಗುರು ಸಿಕ್ಕಿಕೊಳ್ಳುತ್ತಿದ್ದರೆ, ಟಯರು ಬದಲಿಸಲೇಬೇಕು. ಮರುಭೂಮಿಯ ಬಿಸಿಗೆ ಅದು ಸೀಳಿದರೆ ಯಾವ ಪ್ಯಾಚೂ ಉಳಿಸುವುದಿಲ್ಲ.

ಹೊಸ ಟಯರು ಕೊಳ್ಳುವಾಗ ಅಳತೆ ತಪ್ಪುವುದು ಬಹಳ. 26 ಇಂಚು ಎಂದ ಮಾತ್ರಕ್ಕೆ ಎಲ್ಲ 26 ಇಂಚಿನ ರಿಮ್ಮಿಗೂ ಕೂರುವುದಿಲ್ಲ. ಟಯರಿನ ಪಕ್ಕದಲ್ಲಿ 54-559 ಎಂಬಂಥ ಜೋಡಿ ಸಂಖ್ಯೆ ಅಚ್ಚಾಗಿರುತ್ತದೆ. ಮೊದಲನೆಯದು ಟಯರಿನ ಅಗಲ, ಎರಡನೆಯದು ಟಯರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಹಳೆಯ ಮೌಂಟನ್ ಬೈಕು, ಕ್ರೂಸರುಗಳದ್ದು 559. ಹಳೆಯ ಮೂರು ಗೇರಿನ ಸೈಕಲ್ಲುಗಳ 26 ಇಂಚು ಅಂದರೆ 590. ಇವೆರಡೂ ಒಂದಕ್ಕೊಂದು ಆಗುವುದಿಲ್ಲ. ಈಗಿನ 27.5 ಇಂಚಿನ ಮೌಂಟನ್ ಬೈಕುಗಳದ್ದು 584, 29 ಇಂಚಿನವಕ್ಕೂ 700ಸಿ ಎಂದು ಕರೆಸಿಕೊಳ್ಳುವ ರೋಡ್ ಬೈಕುಗಳಿಗೂ 622. ನಮ್ಮ ಕಡೆಯ 28 ಇಂಚಿನ ಹಾಲಿನವರ ಸೈಕಲ್ಲಿನದ್ದು 635. ಅಂಗಡಿಗೆ ಹೋಗುವ ಮೊದಲು ಈ ಎರಡನೇ ಸಂಖ್ಯೆಯನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಅಗಲ ಎಷ್ಟಿರಬೇಕು? 2 ಇಂಚಿಗೆ ಕಡಿಮೆ ಬೇಡ, 2.125 ಇದ್ದರೆ ಚೆನ್ನ. ಫ್ರೇಮು, ಮಡ್‌ಗಾರ್ಡುಗಳಿಗೆ ತಾಗದೆ ಇನ್ನೂ ದಪ್ಪ ಹಿಡಿಸುವುದಾದರೆ ಅದೂ ಆಗಲಿ. 4 ಇಂಚಿನ ಫ್ಯಾಟ್ ಬೈಕು ಹುಡಿಯ ಮೇಲೆ ಸಲೀಸಾಗಿ ಹೋಗುತ್ತದೆ, ಆದರೆ ತುಳಿಯಲು ಭಾರ. ದೊಡ್ಡ ಗುಬಟುಗಳಿರುವ ಟಯರಿಗಿಂತ ಮೈ ಸಾಧಾರಣ ನುಣುಪಾಗಿರುವ ಟಯರನ್ನೇ ನಾನು ಆರಿಸುತ್ತೇನೆ. ಕಲ್ಲುಮಣ್ಣಿನ ಏರಿನಲ್ಲಿ ಹಿಡಿತ ಕೊಡುವ ಗುಬಟುಗಳಿಗೆ ಈ ಸಪಾಟು ನೆಲದಲ್ಲಿ ಹೆಚ್ಚು ಕೆಲಸವಿಲ್ಲ.

ಗಾಳಿಯ ಲೆಕ್ಕಕ್ಕೆ ಬರೋಣ. ಟಯರಿನ ಮೇಲೆ ಬರೆದ ಗರಿಷ್ಠ ಸಂಖ್ಯೆಯವರೆಗೆ ಗಾಳಿ ತುಂಬುವುದು ಹಲವರ ಅಭ್ಯಾಸ. ಇಲ್ಲಿ ಅದು ಬೇಡ. ಸವಾರನೂ ಸೈಕಲ್ಲೂ ಸೇರಿ ಹಿಂದಿನ ಚಕ್ರದ ಮೇಲೆ 55 ಕಿಲೋ ಭಾರ ಬೀಳುತ್ತದೆ ಎಂದುಕೊಳ್ಳಿ. 60 ಪೌಂಡು, ಅಂದರೆ 60 ಪಿಎಸ್‌ಐ ಗಾಳಿ ಇದ್ದರೆ ಟಯರು ನೆಲಕ್ಕೆ ಊರುವ ಜಾಗ ಹೆಚ್ಚುಕಡಿಮೆ 13 ಚದರ ಸೆಂಟಿಮೀಟರ್. 30 ಪೌಂಡಿಗೆ ಇಳಿಸಿದರೆ 26. ಭಾರ ಎರಡು ಪಟ್ಟು ಜಾಗಕ್ಕೆ ಹರಡಿದಾಗ ಚಕ್ರ ಹುಡಿಯಲ್ಲಿ ಅಷ್ಟು ಹೂತುಕೊಳ್ಳುವುದಿಲ್ಲ. 2 ಇಂಚಿನ ಟಯರಿಗೆ 25ರಿಂದ 35 ಪೌಂಡು, ಫ್ಯಾಟ್ ಬೈಕಿಗೆ 8ರಿಂದ 10 ಪೌಂಡು ಸಾಕು. ಟಯರಿನ ಪಕ್ಕದಲ್ಲಿ ಕನಿಷ್ಠ ಮಿತಿ ಬರೆದಿದ್ದರೆ ಅದರ ಕೆಳಗೆ ಇಳಿಯಬೇಡಿ. ಗಾಳಿ ತೀರ ಕಡಿಮೆಯಾದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತಾಗುತ್ತದೆ. ಜೋಡಿ ತೂತು ಕಂಡರೆ ಮುಳ್ಳನ್ನು ಹುಡುಕಬೇಡಿ, ಗಾಳಿ ಹೆಚ್ಚಿಸಿ.

ಎತ್ತರವೂ ಬಿಸಿಲೂ ಸೇರಿ ಈ ಅಂಕಿಯನ್ನು ಬದಲಿಸುತ್ತವೆ. ಸ್ಯಾನ್ ಹೊಸೆಯಲ್ಲಿ 20 ಡಿಗ್ರಿ ತಂಪಿನಲ್ಲಿ 35 ಪೌಂಡು ತುಂಬಿದ ಟಯರು ಬಯಲಿನ 40 ಡಿಗ್ರಿ ಮಧ್ಯಾಹ್ನದಲ್ಲಿ ಸುಮಾರು 40 ತೋರಿಸುತ್ತದೆ. ಮೇಲಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುವುದರಿಂದ 2 ಪೌಂಡಿನಷ್ಟು, ಉಳಿದದ್ದು ಬಿಸಿಯಿಂದ. ರಾತ್ರಿ 5 ಡಿಗ್ರಿಗೆ ಇಳಿದಾಗ ಅದೇ ಟಯರು 34ಕ್ಕೆ ಬಂದಿರುತ್ತದೆ. ಬೆಳಿಗ್ಗೆ ಮೆತ್ತಗೆ ಕಂಡಿತೆಂದು ದಿನವೂ ಗಾಳಿ ತುಂಬುತ್ತ ಹೋದರೆ ಮಧ್ಯಾಹ್ನಕ್ಕೆ ಟಯರು ಕಲ್ಲಾಗುತ್ತದೆ. ತಲುಪಿದ ದಿನ ಸಂಜೆ ಒಮ್ಮೆ ಗೇಜಿನಿಂದ ಅಳೆದು ಸರಿಮಾಡಿಕೊಂಡು ಸುಮ್ಮನಿರಿ.

ಮುಳ್ಳಿಗೆ ಕವಚ

ಪ್ಲಾಯಾದ ಮೇಲೆ ಗಿಡವಿಲ್ಲ, ಆದ್ದರಿಂದ ಮುಳ್ಳೂ ಇಲ್ಲ ಎಂಬ ಮಾತು ಕೇಳಿಸುತ್ತದೆ. ಅದು ಅರ್ಧ ಸತ್ಯ. ದಾರಿಯುದ್ದಕ್ಕೂ ನೆವಾಡಾದ ಪೆಟ್ರೋಲ್ ಬಂಕುಗಳ ಅಂಚಿನಲ್ಲಿ, ರಸ್ತೆ ಬದಿಯ ಖಾಲಿ ಜಾಗಗಳಲ್ಲಿ, ಅಮೆರಿಕದವರು ಗೋಟ್‌ಹೆಡ್ ಎಂದು ಕರೆಯುವ ಮುಳ್ಳಿನ ಬಳ್ಳಿ ಹಬ್ಬಿರುತ್ತದೆ. ಸಸ್ಯಶಾಸ್ತ್ರದ ಪ್ರಕಾರ ಅದು ಟ್ರಿಬ್ಯುಲಸ್ ಟೆರೆಸ್ಟ್ರಿಸ್. ನಮ್ಮ ಹೊಲದ ಬದುಗಳಲ್ಲಿ, ಬಯಲುಸೀಮೆಯ ಬಂಡಿದಾರಿಗಳಲ್ಲಿ ಬರಿಗಾಲಿಗೆ ಚುಚ್ಚುವ ನೆಗ್ಗಿಲು ಇದೇ, ಆಯುರ್ವೇದದ ಗೋಕ್ಷುರವೂ ಇದೇ. ಹಳೆಯ ಜಗತ್ತಿನಿಂದ ಹೋದ ಈ ಬಳ್ಳಿ ಅಮೆರಿಕದ ಪಶ್ಚಿಮದಲ್ಲಿ ಎಷ್ಟು ಹಬ್ಬಿತೆಂದರೆ, ಅದರ ಕಾಯಿ ಮತ್ತು ಕಾಂಡ ತಿನ್ನುವ ಎರಡು ಜಾತಿಯ ಸೊಂಡಿಲು ಕೀಟಗಳನ್ನು 1961ರಲ್ಲಿ ತಂದು ಬಿಡಬೇಕಾಯಿತು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುವುದು ಅದರ ಕಾಯಿಯ ರಚನೆ. ಅದು ಚಪ್ಪಲಿಯ ಅಟ್ಟೆಗೆ, ಕಾರಿನ ಟಯರಿಗೆ ಕಚ್ಚಿಕೊಂಡು ಬಿಡಾರದವರೆಗೆ ಪ್ರಯಾಣ ಮಾಡುತ್ತದೆ. ದಾರಿಯಲ್ಲಿ ಎಲ್ಲಿ ನಿಂತರೂ ಸೈಕಲ್ಲನ್ನು ನೆಲಕ್ಕಿಳಿಸಬೇಡಿ, ಬಿಡಾರ ತಲುಪಿದಾಗ ಚಪ್ಪಲಿಯ ಅಡಿಯನ್ನೊಮ್ಮೆ ನೋಡಿಕೊಳ್ಳಿ. ಊರು ಕಟ್ಟುವಾಗ ಉದುರುವ ಸ್ಕ್ರೂ, ಮೊಳೆ, ಸ್ಟೇಪಲ್ ಪಿನ್ನುಗಳದ್ದು ಬೇರೆಯೇ ಪಾಲು.

ತಡೆಯಲು ಮೂರು ಉಪಾಯಗಳಿವೆ. ಒಂದು, ಹೊರಮೈ ದಪ್ಪವಾಗಿರುವ ಮುಳ್ಳುನಿರೋಧಕ ಟ್ಯೂಬು. ತೂಕ ಹೆಚ್ಚು, ಆದರೆ ಇಲ್ಲಿ ಯಾರೂ ಓಟದ ಪಂದ್ಯಕ್ಕೆ ಬಂದಿರುವುದಿಲ್ಲ. ಎರಡು, ಟಯರಿಗೂ ಟ್ಯೂಬಿಗೂ ನಡುವೆ ಹಾಸುವ ಪ್ಲಾಸ್ಟಿಕ್ ಪಟ್ಟಿ. ಇದರ ತುದಿಗಳು ಒಂದರ ಮೇಲೊಂದು ಕೂರುವಲ್ಲಿ ಅಂಚು ಚೂಪಾಗಿದ್ದರೆ ಅದೇ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ. ಕತ್ತರಿಯಿಂದ ಮೂಲೆಗಳನ್ನು ದುಂಡಗೆ ಮಾಡಿ, ಉಜ್ಜುಕಾಗದದಿಂದ ನಯಗೊಳಿಸಿ, ಆಮೇಲೆ ಹಾಕಿ. ಮೂರನೆಯದು ಟ್ಯೂಬಿನೊಳಗೆ ತುಂಬುವ ಸೀಲಂಟ್ ದ್ರವ. ಮೌಂಟನ್ ಬೈಕಿನ ಟ್ಯೂಬಿಗೆ ಸುಮಾರು 120 ಮಿಲಿಲೀಟರ್ ಹಿಡಿಯುತ್ತದೆ. ವಾಲ್ವಿನ ಒಳತಿರುಳನ್ನು ಬಿಚ್ಚಿ ತುಂಬಿ, ಮತ್ತೆ ಬಿಗಿದು ಗಾಳಿ ಹಾಕಿ, ಚಕ್ರ ತಿರುಗಿಸಿದರೆ ಆಯಿತು. ಮೂರು ಮಿಲಿಮೀಟರ್‌ವರೆಗಿನ ತೂತನ್ನು ಅದು ತಾನೇ ಮುಚ್ಚುತ್ತದೆ. ಮುಳ್ಳು ಚುಚ್ಚಿದ್ದು ಕಂಡರೆ ಕಿತ್ತು, ಆ ಜಾಗ ಕೆಳಕ್ಕೆ ಬರುವಂತೆ ಚಕ್ರ ತಿರುಗಿಸಿ ಸ್ವಲ್ಪ ಹೊತ್ತು ಬಿಡಿ.

ಮೂರನ್ನೂ ಒಟ್ಟಿಗೆ ಹಾಕುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ದಪ್ಪ ಟ್ಯೂಬು ಮತ್ತು ಸೀಲಂಟ್ ಸೇರಿದರೆ ಸಾಕು. ಸೀಲಂಟಿಗೂ ಒಂದು ತೊಂದರೆ ಉಂಟು: ತೂತು ದೊಡ್ಡದಾಗಿ ಪ್ಯಾಚ್ ಹಾಕಬೇಕಾಗಿ ಬಂದರೆ ಒಳಗಿನ ಅಂಟು ಜಿನುಗಿ ಪ್ಯಾಚನ್ನು ಕೂರಗೊಡುವುದಿಲ್ಲ. ಅದಕ್ಕೇ ಬಿಡಿ ಟ್ಯೂಬುಗಳನ್ನು ಕೈಯಲ್ಲಿ ಇಟ್ಟುಕೊಳ್ಳಬೇಕು.

ಟಯರು ಬಿಚ್ಚಿದಾಗಲೇ ರಿಮ್ಮಿನ ಒಳಪಟ್ಟಿಯನ್ನೂ ನೋಡಿ. ಸ್ಪೋಕುಗಳ ತಲೆ ಮುಚ್ಚುವ ಆ ರಬ್ಬರ್ ಪಟ್ಟಿ ಸರಿದಿದ್ದರೆ ಟ್ಯೂಬು ಒಳಗಿನಿಂದಲೇ ತೂತಾಗುತ್ತದೆ, ನೀವು ಹೊರಗೆ ಮುಳ್ಳು ಹುಡುಕುತ್ತಲೇ ಇರುತ್ತೀರಿ. ವಾಲ್ವಿನ ವಿಷಯವೂ ಇದೆ. ನಮ್ಮ ಊರಿನ ಸೈಕಲ್ಲುಗಳಲ್ಲಿ ಸಣ್ಣ ರಬ್ಬರ್ ವಾಲ್‌ಟ್ಯೂಬ್ ಹಾಕುವ ಡನ್‌ಲಪ್ ವಾಲ್ವು. ಅಮೆರಿಕದಲ್ಲಿ ಸಿಗುವುದು ಎರಡು ಬಗೆ: ಕಾರಿನದರಂತೆ ದಪ್ಪಗಿರುವ ಶ್ರೇಡರ್, ತೆಳ್ಳಗೆ ಉದ್ದಗಿರುವ ಪ್ರೆಸ್ಟಾ. ಆಯ್ಕೆ ಇದ್ದರೆ ಶ್ರೇಡರ್ ಇರಲಿ. ಕೈಪಂಪು ಕೆಟ್ಟರೂ ಪಕ್ಕದ ಬಿಡಾರದವರ ಕಾರಿನ ಕಂಪ್ರೆಸರಿನಿಂದ ಗಾಳಿ ತುಂಬಬಹುದು. ಎರಡಕ್ಕೂ ಮುಚ್ಚಳ ತಪ್ಪದೆ ಹಾಕಿ, ಧೂಳು ಹೊಕ್ಕ ವಾಲ್ವು ನಿಧಾನವಾಗಿ ಗಾಳಿ ಸೋರಿಸುತ್ತದೆ.

ಬಯಲಿನಲ್ಲಿ ಪಂಚರ್ ಆದರೆ

ಊರಿನ ಪಂಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ಬಾಣಲೆಗೆ ಅದ್ದಿ ಗುಳ್ಳೆ ನೋಡುತ್ತಾರೆ. ಇಲ್ಲಿ ನೀರು ಕುಡಿಯುವುದಕ್ಕೆ ಮಾತ್ರ. ತಲೆಗೆ ದಿನಕ್ಕೆ ಒಂದೂವರೆ ಗ್ಯಾಲನ್, ಅಂದರೆ ಆರು ಲೀಟರಿನ ಹತ್ತಿರ, ನೀವೇ ಹೊತ್ತು ತಂದಿರುತ್ತೀರಿ. ಕೊಳೆ ನೀರನ್ನು ನೆಲಕ್ಕೆ ಚೆಲ್ಲುವಂತೆಯೂ ಇಲ್ಲ. ಆದ್ದರಿಂದ ಟ್ಯೂಬಿಗೆ ಗಾಳಿ ತುಂಬಿ, ತುಟಿಯ ಹತ್ತಿರ ಹಿಡಿದು ಸುತ್ತಲೂ ತಿರುಗಿಸಿ. ಕಿವಿಗೆ ಕೇಳದ ಸಣ್ಣ ಸೋರಿಕೆ ಒದ್ದೆ ತುಟಿಗೆ ತಣ್ಣಗೆ ತಾಗುತ್ತದೆ.

ಬಯಲಿನಲ್ಲಿ ಪ್ಯಾಚ್ ಹಾಕುವುದಕ್ಕಿಂತ ಟ್ಯೂಬ್ ಬದಲಿಸುವುದು ಲೇಸು. ಸೊಲ್ಯೂಷನ್ ಹಚ್ಚಿ ಒಣಗಲು ಬಿಟ್ಟ ಐದು ನಿಮಿಷದಲ್ಲಿ ಅದರ ಮೇಲೆ ಧೂಳಿನ ಪದರ ಕೂತರೆ ಪ್ಯಾಚು ಟ್ಯೂಬಿಗಲ್ಲ, ಧೂಳಿಗೆ ಅಂಟುತ್ತದೆ. ಅನಿವಾರ್ಯವಾದರೆ ಕಾರಿನೊಳಗೆ ಕೂತು, ಗಾಜು ಏರಿಸಿಕೊಂಡು ಮಾಡಿ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಉಜ್ಜುಕಾಗದ ಹಾಕಿ, ಸೊಲ್ಯೂಷನ್ನಿನ ಹೊಳಪು ಆರುವವರೆಗೆ ಕಾದು, ಆಮೇಲೆ ಪ್ಯಾಚ್ ಒತ್ತಿ. ಹೊಸ ಟ್ಯೂಬು ಹಾಕುವ ಮೊದಲು ಟಯರಿನ ಒಳಮೈಯನ್ನು ಬೆರಳಿನಿಂದ ನಿಧಾನವಾಗಿ ಸವರಿ ನೋಡಬೇಕು. ಮುಳ್ಳು ಅಲ್ಲೇ ಉಳಿದಿದ್ದರೆ ಎರಡನೇ ಟ್ಯೂಬೂ ಹೋಯಿತೆಂದೇ ಲೆಕ್ಕ.

ಹಿಂದಿನ ಚಕ್ರದ ಕೆಲಸವನ್ನು ಮನೆಯಲ್ಲಿ ಒಮ್ಮೆಯಾದರೂ ಮಾಡಿ ನೋಡಿ. ಪೆಡಲ್ ಬ್ರೇಕಿನ ಸೈಕಲ್ಲಿನಲ್ಲಿ ಹಬ್‌ನಿಂದ ಹೊರಟ ಒಂದು ಉಕ್ಕಿನ ತೋಳು ಫ್ರೇಮಿಗೆ ಪಟ್ಟಿಯಿಂದ ಬಿಗಿದಿರುತ್ತದೆ. ಆ ಪಟ್ಟಿಯ ಬೋಲ್ಟು ಬಿಚ್ಚದೆ ಚಕ್ರ ಈಚೆಗೆ ಬರುವುದಿಲ್ಲ. ತಿರುಗಿ ಹಾಕುವಾಗ ಅದನ್ನು ಕಟ್ಟುವುದು ಮರೆತರೆ ಬ್ರೇಕು ಹಿಡಿದ ಕ್ಷಣ ತೋಳು ಗಿರಕಿ ಹೊಡೆದು ಅಪಾಯವಾಗುತ್ತದೆ. ಆಕ್ಸಲ್ ನಟ್ಟಿಗೆ ಬೇಕಾದದ್ದು ಸಾಮಾನ್ಯವಾಗಿ 15 ಮಿಲಿಮೀಟರಿನ ಸ್ಪ್ಯಾನರ್. ಇದೊಂದು ಇಲ್ಲದೆ ಉಳಿದ ಸಲಕರಣೆಯೆಲ್ಲ ಇದ್ದೂ ಪ್ರಯೋಜನವಿಲ್ಲ.

ಒಯ್ಯಬೇಕಾದ ಚೀಲ ದೊಡ್ಡದೇನಲ್ಲ: ನಿಮ್ಮ ಅಳತೆಯ ಎರಡು ಟ್ಯೂಬು, ಪ್ಯಾಚಿನ ಡಬ್ಬಿ (ತೆರೆದ ಸೊಲ್ಯೂಷನ್ ಒಣಗಿರುತ್ತದೆ, ಅದರ ಹೊಸ ಟ್ಯೂಬನ್ನೇ ಒಯ್ಯಿರಿ), ಮೂರು ಟಯರ್ ಲಿವರ್, ಪಂಪು, ಗಾಳಿ ಅಳೆಯುವ ಗೇಜು, ಆ 15ರ ಸ್ಪ್ಯಾನರ್, ಅಲೆನ್ ಕೀಗಳು, ಸ್ಕ್ರೂಡ್ರೈವರು, ಚೈನಿನ ಒಂದು ಜೋಡಣೆ ಕೊಂಡಿ, ಒಂದಷ್ಟು ನಟ್ಟು ಬೋಲ್ಟು, ಕೈತುಂಬ ಜಿಪ್ ಟೈಗಳು. ಕೆಲಸ ಮಾಡುವಾಗ ಕೆಳಗೆ ಒಂದು ಹಾಸು ಇರಲಿ. ಕತ್ತರಿಸಿದ ಜಿಪ್ ಟೈ ತುಂಡು, ಉದುರಿದ ವಾಷರು, ಎಣ್ಣೆಯ ಹನಿ ಯಾವುದೂ ನೆಲಕ್ಕೆ ಬೀಳಬಾರದು. ತಂದದ್ದನ್ನೆಲ್ಲ ಹಿಂದಕ್ಕೆ ಒಯ್ಯುವುದು ಆ ಊರಿನ ಮೊದಲ ಕಟ್ಟಳೆ, ಉತ್ಸವದ ನಂತರ ಸ್ವಯಂಸೇವಕರು ಇಡೀ ಬಯಲನ್ನು ಸಾಲಾಗಿ ನಡೆದು ಹೆಕ್ಕುತ್ತಾರೆ.

ಚೈನು, ಬೇರಿಂಗು

ಊರಿನಲ್ಲಿ ಕಿರ್‌ಗುಡುವ ಚೈನಿಗೆ ಎಣ್ಣೆ ಬಿಡುವುದು ಸರಿಯಾದ ಉಪಚಾರ. ಈ ಧೂಳಿನಲ್ಲಿ ಅದೇ ಚೈನನ್ನು ಕೊಲ್ಲುತ್ತದೆ. ತೇವದ ಎಣ್ಣೆಗೆ ಹುಡಿ ಕಲೆತು ತೇಯುವ ಲೇಪವಾಗಿ ಚೈನನ್ನೂ ಹಲ್ಲುಗಳನ್ನೂ ಸವೆಸುತ್ತದೆ. ಮನೆಯಲ್ಲೇ ಹಳೆಯ ಎಣ್ಣೆಯನ್ನು ಪೂರ್ತಿ ತೊಳೆದು, ಒಣಗಿಸಿ, ಮೇಣದ ಮೂಲದ ಒಣ ಲೂಬ್ರಿಕಂಟ್ ಹಾಕಿ. ಅದು ಕೊಂಡಿಗಳ ಒಳಗೆ ಇಳಿಯಲು ಒಂದು ರಾತ್ರಿ ಬಿಟ್ಟು, ಮೇಲೆ ಉಳಿದದ್ದನ್ನು ಒರೆಸಿಬಿಡಿ. ಬಯಲಿನಲ್ಲಿ ದಿನಕ್ಕೊಮ್ಮೆ ಒಣ ಬ್ರಷ್ಷಿನಿಂದ ಧೂಳು ಝಾಡಿಸಿದರೆ ಸಾಕು. ಶಬ್ದ ತಡೆಯಲಾಗದಷ್ಟಾದರೆ ಸೈಕಲ್ಲನ್ನು ಹಾಸಿನ ಮೇಲೆ ನಿಲ್ಲಿಸಿ ಅದೇ ಮೇಣದ ದ್ರವವನ್ನು ಹನಿಹನಿಯಾಗಿ ಬಿಡಿ.

ಹಬ್, ಹ್ಯಾಂಡಲ್ಲಿನ ಕಪ್ಪು, ಪೆಡಲಿನ ನಡುವಿನ ಬಾಲ್ಸುಗಳಿಗೆ ಮಾತ್ರ ಇದಕ್ಕೆ ವಿರುದ್ಧ ನಿಯಮ: ಗ್ರೀಸನ್ನು ಧಾರಾಳವಾಗಿ ತುಂಬಿ. ಅಂಚಿನವರೆಗೆ ಬಂದ ಗ್ರೀಸು ಹೊರಗಿನ ಧೂಳಿಗೆ ಬಾಗಿಲು ಮುಚ್ಚುತ್ತದೆ. ಕೋನ್ ನಟ್ಟನ್ನು ಚಕ್ರ ಸರಾಗ ತಿರುಗುವಷ್ಟು, ಅತ್ತಿತ್ತ ಅಲುಗದಷ್ಟು ಬಿಗಿಯಬೇಕು. ಇದು ಕೈಗೆ ಬರುವವರೆಗೆ ತಿಳಿದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಅಲಂಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾವಿರಾರು ಸೈಕಲ್ಲುಗಳ ನಡುವೆ ನಿಮ್ಮದನ್ನು ಗುರುತಿಸುವಷ್ಟಿರಲಿ, ಗರಿ ಮತ್ತು ಮಿನುಗುಪುಡಿಯಂಥ ಉದುರುವ ಸಾಮಾನು ಬೇಡ. ದೀಪದ ಮಾತು ಹಾಗಲ್ಲ. ಬೀದಿದೀಪವಿಲ್ಲದ ಬಯಲಿನಲ್ಲಿ ಮುಂದೆ ಬಿಳಿ, ಹಿಂದೆ ಕೆಂಪು ಸಾಲದು. ಪಕ್ಕದಿಂದ ಬರುವವರಿಗೂ ಕಾಣುವಂತೆ ಸ್ಪೋಕುಗಳಿಗೆ ದೀಪದ ಸರ ಸುತ್ತಿ, ಸೈಕಲ್ ಬಿಟ್ಟು ನಡೆಯುವಾಗಲೂ ಮೈಮೇಲೆ ಒಂದು ದೀಪ ಇರಲಿ. ಬೀಗ ನಂಬರಿನದ್ದಾಗಲಿ, ಕೀಲಿಕೈ ಆ ಹುಡಿಯಲ್ಲಿ ಬಿದ್ದರೆ ಸಿಗುವುದಿಲ್ಲ. ಧೂಳುಬಿರುಗಾಳಿ ಎದ್ದು ಮುಂದಿನ ಚಕ್ರವೇ ಕಾಣದಂತಾದರೆ ಇಳಿದು ನಿಲ್ಲಿ. ಕಲಾವಾಹನಗಳೂ ಟೆಂಟಿನ ಹಗ್ಗಗಳೂ ಆ ಬಿಳಿಪಿನೊಳಗೇ ಇರುತ್ತವೆ.

ಮಳೆ ಬಂದರೆ ಈ ಎಲ್ಲ ಸಿದ್ಧತೆಯೂ ನಿಂತಲ್ಲೇ ನಿಲ್ಲುತ್ತದೆ. 2023ರ ಸೆಪ್ಟೆಂಬರ್ 1ರಂದು ಸುರಿದ ಮಳೆಗೆ ಬಯಲು ಕೆಸರಾಗಿ, ವಾಹನ ಸಂಚಾರ ನಿಂತು, ಹತ್ತಾರು ಸಾವಿರ ಜನ ಅಲ್ಲೇ ಉಳಿಯಬೇಕಾಯಿತು. ಶನಿವಾರ ಸುಡಬೇಕಿದ್ದ ಮನುಷ್ಯಾಕೃತಿಯನ್ನು ಸೋಮವಾರ ರಾತ್ರಿ ಸುಟ್ಟರು. ಆ ಜೇಡಿ ಟಯರಿಗೆ ಸುತ್ತಿಕೊಂಡು ಮಡ್‌ಗಾರ್ಡಿನ ಸಂದಿ ತುಂಬಿ ಚಕ್ರವನ್ನೇ ಕಚ್ಚಿಹಿಡಿಯುತ್ತದೆ. ಬಲವಂತವಾಗಿ ತುಳಿದರೆ ಚೈನು ಕಡಿಯುತ್ತದೆ, ಇಲ್ಲವೇ ಸ್ಪೋಕು ಬಾಗುತ್ತದೆ. ಸೈಕಲ್ಲನ್ನು ಹೊತ್ತು ಬಿಡಾರಕ್ಕೆ ತಂದು, ನೆಲ ಒಣಗುವವರೆಗೆ ಬಿಡಿ. ಒಣಗಿದ ಜೇಡಿ ಕಡ್ಡಿಯಿಂದ ತಟ್ಟಿದರೆ ಹೆಂಟೆಹೆಂಟೆಯಾಗಿ ಉದುರುತ್ತದೆ.

ಮನೆಗೆ ಬಂದ ಮೇಲೆ

ಸೈಕಲ್ಲನ್ನು ಕಾರಿಗೆ ಕಟ್ಟುವಾಗ ಬೆಲ್ಟುಗಳನ್ನು ಎಳೆದು ನೋಡಿ, ಗರ್ಲಾಕ್ ಎಂಬ ಪುಟ್ಟ ಊರಿನಲ್ಲಿ ನಿಲ್ಲಿಸಿ ಮತ್ತೊಮ್ಮೆ ನೋಡಿ. ಅಲ್ಲಿಂದ ಮುಂದಿನ ರಸ್ತೆ ಪಿರಮಿಡ್ ಲೇಕ್ ಪೈಯೂಟ್ ಜನರ ನೆಲದ ಮೂಲಕ ಹಾದುಹೋಗುತ್ತದೆ. ಅವರ ಅಂಗಳದಲ್ಲಿ ನಮ್ಮ ಸೈಕಲ್ಲು ಬೀಳಬಾರದು.

ಮನೆ ತಲುಪಿದ ವಾರದೊಳಗೆ ತೊಳೆಯಿರಿ. ಕ್ಷಾರದ ಧೂಳು ತಿಂಗಳುಗಟ್ಟಲೆ ಉಳಿದರೆ ಮುಂದಿನ ವರ್ಷಕ್ಕೆ ಸೈಕಲ್ಲು ಉಳಿಯುವುದಿಲ್ಲ. ಮೊದಲು ಒಣ ಬ್ರಷ್ಷು, ಆಮೇಲೆ ಒಂದು ಪಾಲು ಬಿಳಿ ವಿನಿಗರಿಗೆ ನಾಲ್ಕೈದು ಪಾಲು ನೀರು ಬೆರೆಸಿ ಬಟ್ಟೆಯಲ್ಲಿ ಒರೆಸುವುದು, ಕೂಡಲೇ ಸಾದಾ ನೀರಿನಲ್ಲಿ ತೊಳೆಯುವುದು. ವಿನಿಗರನ್ನು ಚೈನಿನ ಮೇಲೆ ಒಣಗಲು ಬಿಟ್ಟರೆ ಅದೇ ತುಕ್ಕು ಹಿಡಿಸುತ್ತದೆ. ಜೋರು ಪಿಚಕಾರಿಯ ನೀರನ್ನು ಹಬ್‌ಗೆ ತಾಗಿಸಬೇಡಿ, ಧೂಳು ಒಳಕ್ಕೆ ನುಗ್ಗುತ್ತದೆ. ಪೂರ್ತಿ ಒಣಗಿದ ಮೇಲೆ ಚೈನಿಗೆ ಈಗ ಧೈರ್ಯವಾಗಿ ಎಣ್ಣೆ ಬಿಡಬಹುದು. ಚಕ್ರವನ್ನು ಕೈಯಲ್ಲಿ ತಿರುಗಿಸಿ, ಆಕ್ಸಲ್ಲಿಗೆ ಬೆರಳು ತಾಗಿಸಿ, ಕರಕರ ಅನ್ನಿಸಿದರೆ ಹಬ್ ಬಿಚ್ಚಿ ಹೊಸ ಗ್ರೀಸು ಹಾಕಿ. ಬಯಲಿನಿಂದ ತಂದ ತೂತಿನ ಟ್ಯೂಬುಗಳಿಗೆ ಪ್ಯಾಚ್ ಹಾಕುವ ಹೊತ್ತೂ ಇದೇ, ಬೇಕಾದಷ್ಟು ನೀರು ಈಗ ಬಕೆಟ್ಟಿನಲ್ಲಿದೆ.

ಇನ್ನು ಈ ಸೈಕಲ್ಲು ಬೇಡ ಎನ್ನುವವರು ಅದನ್ನು ತೊಳೆದು, ಗಾಳಿ ನಿಲ್ಲುವಂತೆ ಮಾಡಿ, ನಿಮ್ಮ ಊರಿನ ಸಮುದಾಯ ಸೈಕಲ್ ಅಂಗಡಿಗೆ ಕೊಡಿ. ಕೊಡುವಾಗ ಟ್ಯೂಬಿನಲ್ಲಿ ಸೀಲಂಟ್ ಇದೆ ಎಂದೂ, ಸೈಕಲ್ಲು ಯಾವ ಧೂಳಿನಲ್ಲಿ ಓಡಿ ಬಂದಿದೆ ಎಂದೂ ಹೇಳಿ. ಮುಂದೆ ಅದಕ್ಕೆ ಪ್ಯಾಚ್ ಹಾಕುವವರಿಗೆ, ಹಬ್ ಬಿಚ್ಚುವವರಿಗೆ ಇವೆರಡೂ ಗೊತ್ತಿರಬೇಕು.